ನೀವು ನಿಂತಿರುವ ಕಾಡು ಯಾವ ಬಗೆಯದು? ಕರ್ನಾಟಕದ ಕಾಡು, ಕುರುಚಲು ಗುರುತಿಸುವ ದಾರಿ

ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ಆಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಇಷ್ಟೇ ದೂರದೊಳಗೆ ಕಾಡು ನಾಲ್ಕೈದು ಸಲ ರೂಪ ಬದಲಿಸುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರ ಲೆಕ್ಕದಲ್ಲಿ ಇರುವುದು ಎರಡೇ: ಒಂದು ದಟ್ಟ ಕಾಡು, ಇನ್ನೊಂದು ಹಾಳು ಬಿದ್ದ ಜಾಗ.

ಈ ಎರಡನೆಯದರ ಬಗ್ಗೆ ನನಗೆ ತಕರಾರಿದೆ. ಬಯಲುಸೀಮೆಯ ಕುರುಚಲು ಎಷ್ಟೋ ಕಡೆ ಹಾಳಾದ ಕಾಡಲ್ಲ, ಅಲ್ಲಿನ ಮೂಲದ ಕಾಡೇ ಅದು. ಇನ್ನು ಕೆಲವು ಕಡೆ ನಿಜವಾಗಿಯೂ ಕಡಿದು, ಸುಟ್ಟು, ಮೇಯಿಸಿ ಹಾಗಾಗಿರುತ್ತದೆ. ಯಾವುದು ಯಾವುದು ಅಂತ ಗೊತ್ತಾಗದೆ ಗುಂಡಿ ತೋಡಿ ಸಸಿ ನೆಟ್ಟರೆ ಇದ್ದದ್ದೂ ಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಕುರುಚಲಿಗೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಹೊರಡುವ ಮೊದಲು ಮಳೆಯ ಲೆಕ್ಕ ಹಿಡಿಯಿರಿ

ಮರದ ಹೆಸರು ಆಮೇಲೆ. ಮೊದಲು ನೀವು ಹೋಗುವ ಜಾಗದ ವಾಡಿಕೆ ಮಳೆ ಎಷ್ಟು, ಸಮುದ್ರಮಟ್ಟದಿಂದ ಎತ್ತರ ಎಷ್ಟು ನೋಡಿಕೊಳ್ಳಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಹೋಬಳಿ ಮಟ್ಟದ ಮಳೆ ವಿವರ ಸಿಗುತ್ತದೆ. ಎತ್ತರ ನಿಮ್ಮ ಫೋನಿನ ನಕ್ಷೆಯಲ್ಲೇ ಇದೆ.

ಹೆಚ್ಚು ಕಡಿಮೆ ಲೆಕ್ಕ ಹೀಗಿದೆ. ವರ್ಷಕ್ಕೆ 2,000 ಮಿ.ಮೀ. ದಾಟಿದರೆ ನಿತ್ಯಹಸಿರು ಅಥವಾ ಅರೆ ನಿತ್ಯಹಸಿರು ಕಾಡು ಇರಬಹುದು. 1,500ರ ಆಚೀಚೆ ಆದರೆ ತೇವದ ಎಲೆ ಉದುರುವ ಕಾಡು. 1,000ದ ಹತ್ತಿರ ಆದರೆ ಒಣ ಎಲೆ ಉದುರುವ ಕಾಡು. 750ಕ್ಕಿಂತ ಕೆಳಗೆ ಬಂದರೆ ಕುರುಚಲು, ಮುಳ್ಳು, ಹುಲ್ಲು. ಈ ಗೆರೆಗಳು ಕಟ್ಟುನಿಟ್ಟಲ್ಲ. ಎಷ್ಟು ಮಳೆ ಬಿತ್ತು ಅನ್ನುವಷ್ಟೇ ಮುಖ್ಯ, ಎಷ್ಟು ತಿಂಗಳು ಬೀಳಲೇ ಇಲ್ಲ ಅನ್ನುವುದು. ಮೂರೇ ತಿಂಗಳಲ್ಲಿ ಸುರಿದು ಮುಗಿಯುವ 3,000 ಮಿ.ಮೀ. ಒಂದು ತರ, ಹಿಂಗಾರಿನಲ್ಲೂ ಬೇಸಿಗೆಯಲ್ಲೂ ಅಷ್ಟಿಷ್ಟು ಬೀಳುವ 3,000 ಮಿ.ಮೀ. ಇನ್ನೊಂದು ತರ. ಮಣ್ಣಿನ ಆಳವೂ ಅಷ್ಟೇ ಮುಖ್ಯ.

ಅರಣ್ಯ ಇಲಾಖೆಯ ಕಡತಗಳಲ್ಲಿ ಕಾಣುವ ವಿಂಗಡಣೆ ಬ್ರಿಟಿಷ್ ಅರಣ್ಯಾಧಿಕಾರಿ ಚಾಂಪಿಯನ್ 1936ರಲ್ಲಿ ಮಾಡಿದ್ದು. 1968ರಲ್ಲಿ ಸೇಠ್ ಜೊತೆ ಸೇರಿ ಅವರು ಅದನ್ನು ತಿದ್ದಿದರು. ಅದರಲ್ಲಿ ಇಡೀ ದೇಶಕ್ಕೆ 16 ದೊಡ್ಡ ಗುಂಪುಗಳಿವೆ. ಅದನ್ನು ಬಾಯಿಪಾಠ ಮಾಡುವುದು ಬೇಕಿಲ್ಲ.

ಹೆಜ್ಜೆ 2: ಸರಿಯಾದ ತಿಂಗಳು ಆರಿಸಿ

ಸೆಪ್ಟೆಂಬರಿನಲ್ಲಿ ಎಲ್ಲ ಕಾಡೂ ಹಸಿರೇ. ಆಗ ನೋಡಿದರೆ ನಾಗರಹೊಳೆಗೂ ಕುದುರೆಮುಖಕ್ಕೂ ಏನು ವ್ಯತ್ಯಾಸ ಅನ್ನಿಸಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಎಲೆ ಉದುರುವ ಕಾಡು ಆಗ ಬೋಳಾಗಿ ನಿಂತಿರುತ್ತದೆ, ನಡುನಡುವೆ ಮುತ್ತುಗದ ಕೆಂಪು ಹೂವು. ನಿತ್ಯಹಸಿರು ಕಾಡು ಆಗಲೂ ಕತ್ತಲೆ ಕತ್ತಲೆಯೇ.

ಹೋಗಲಾಗದಿದ್ದರೆ ಉಪಗ್ರಹ ಚಿತ್ರ ನೋಡಿ. ಒಂದೇ ಗುಡ್ಡದ ಮಾರ್ಚ್ ಚಿತ್ರವನ್ನೂ ಅಕ್ಟೋಬರ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ.

ಎರಡು ಎಚ್ಚರಿಕೆ. ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಇಲಾಖೆ ಬಿಟ್ಟಿರುವ ಚಾರಣ ದಾರಿ, ಊರಿನ ದೇವರಕಾಡು, ಕಾಡಿನ ನಡುವೆ ಹೋಗುವ ಬಸ್ಸಿನ ಕಿಟಕಿ, ಕಲಿಯುವುದಕ್ಕೆ ಇಷ್ಟು ಸಾಕು. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆ ಹುಳದ ಕಡಿತದಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಡು ನೋಡಲು ನಾನು ಹೇಳಿದ ತಿಂಗಳೂ ಅದೇ ಆಯಿತಲ್ಲ! ಆದ್ದರಿಂದ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಬೇರೆ ಕಡೆಯೂ ಮೈತುಂಬ ಬಟ್ಟೆ ಇರಲಿ, ತರಗೆಲೆ ಮೇಲೆ ಕೂರಬೇಡಿ, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ಹೆಜ್ಜೆ 3: ನಿಂತಲ್ಲೇ ಮೇಲೆ ನೋಡಿ, ಕೆಳಗೆ ನೋಡಿ

ಕಾಡಿನೊಳಗೆ ಬಂದ ಕೂಡಲೇ ಮರದ ಹೆಸರು ಹುಡುಕಲು ಹೊರಡಬೇಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಮೇಲೆ ನೋಡಿದರೆ ಆಕಾಶ ಎಷ್ಟು ಕಾಣುತ್ತದೆ? ಮರಗಳು ಎಷ್ಟು ಅಂತಸ್ತಿನಲ್ಲಿವೆ? ನೆಲದ ಮೇಲೆ ಹುಲ್ಲಿದೆಯೋ ಇಲ್ಲವೋ?

ಮೂರನೆಯದು ಎಲ್ಲಕ್ಕಿಂತ ಉಪಯೋಗಿ. ನಿತ್ಯಹಸಿರು ಕಾಡಿನ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಹಾಗಾಗಿ ಅಲ್ಲಿ ಹುಲ್ಲು ಬೆಳೆಯುವುದಿಲ್ಲ. ಇರುವುದು ತೇವದ ತರಗೆಲೆ, ಜರಿಗಿಡ, ಮರಗಳ ಸಣ್ಣ ಸಸಿಗಳು, ಮಳೆಗಾಲ ಆದರೆ ಇಂಬಳ. ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಮಳೆ ಬಂದ ಮೇಲೆ ಹುಲ್ಲು ಏಳುತ್ತದೆ. ಜಿಂಕೆ, ಕಾಟಿ, ಆನೆ ಇಂಥ ಕಾಡಿನಲ್ಲಿ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ. ಬಂಡೀಪುರದಲ್ಲಿ ಕಂಡಷ್ಟು ಪ್ರಾಣಿ ಆಗುಂಬೆಯಲ್ಲಿ ಕಾಣಲಿಲ್ಲ ಅಂತ ಆಗುಂಬೆ ಬಡವಾಗುವುದಿಲ್ಲ. ಅಲ್ಲಿಯ ಸಿರಿ ಕಪ್ಪೆ, ಹಾವು, ಹುಳು, ಗಿಡಗಳಲ್ಲಿದೆ.

ಹೆಜ್ಜೆ 4: ಈಗ ಮರಗಳನ್ನು ಕೇಳಿ

ಪ್ರತಿಯೊಂದು ಕಾಡಿಗೂ ನಾಲ್ಕಾರು ಸಾಕ್ಷಿ ಮರಗಳಿವೆ. ಅವನ್ನು ಕಲಿತರೆ ಉಳಿದ ನೂರಾರು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ನಿತ್ಯಹಸಿರು ಕಾಡು: ಆಗುಂಬೆ, ಸೋಮೇಶ್ವರ, ಕೊಲ್ಲೂರು, ಬಿಸಿಲೆ, ಕುದುರೆಮುಖದ ಕಣಿವೆಗಳು. ಇಲ್ಲಿ ಮರಗಳ ಬುಡದಲ್ಲಿ ಅಗಲವಾದ ಹಲಗೆ ಬೇರುಗಳು ಕಾಣುತ್ತವೆ. ಸಾಲುಧೂಪ, ಬಲಗಿ, ನಾಗಸಂಪಿಗೆ, ಹೆಬ್ಬಲಸು, ಹೈಗ, ರಾಂಪತ್ರೆ ಇಲ್ಲಿಯವು. ಬಲಗಿ ಗುಂಪು ಗುಂಪಾಗಿ ಬೆಳೆಯುತ್ತದೆ, ಕೆಲವು ಕಡೆ ಬೇರೆ ಮರಕ್ಕೆ ಜಾಗವೇ ಇಲ್ಲ ಅನ್ನುವಷ್ಟು. ನಾಗಸಂಪಿಗೆಯ ಹೊಸ ಚಿಗುರು ಕೆಂಪಗೆ ಹೊಳೆಯುತ್ತದೆ. ಬೆತ್ತದ ಮುಳ್ಳು ಬಟ್ಟೆಗೆ ಸಿಕ್ಕಿಕೊಂಡರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಹೊಳೆಗೇರಿನ ಹತ್ತಿರ ಮಾತ್ರ ಹುಷಾರು, ಅದರ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಹೆಸರು ಗೊತ್ತಿಲ್ಲದ ಮರವನ್ನು ಕಚ್ಚು ಹಾಕಿ ನೋಡುವ ಚಾಳಿ ಬೇಡ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇನ್ನೂ ವಿಶೇಷವಾದ ಒಂದು ಬಗೆ ಉಳಿದಿದೆ. ವರ್ಷವಿಡೀ ನೀರು ಜಿನುಗುವ ಜೌಗಿನಲ್ಲಿ ರಾಂಪತ್ರೆ ಜಾತಿಯ ಮರಗಳು ನಿಂತಿರುತ್ತವೆ. ನೀರಿನಡಿಯ ಮಣ್ಣಿನಲ್ಲಿ ಗಾಳಿ ಸಾಲದು. ಅದಕ್ಕೆ ಬೇರುಗಳು ನೆಲದಿಂದ ಮೇಲೆದ್ದು, ಮೊಣಕಾಲಿನ ಆಕಾರಕ್ಕೆ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತವೆ. ಇಂಥ ಜೌಗುಗಳ ಎಷ್ಟೋ ಜಾಗ ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿ ಹೋಗಿವೆ. ನೀರಿರುವ ಸಮತಟ್ಟು ಜಾಗ ಯಾರಿಗೆ ಬೇಡ ಹೇಳಿ.

ತೇವದ ಎಲೆ ಉದುರುವ ಕಾಡು: ನಾಗರಹೊಳೆಯ ಪಶ್ಚಿಮದ ಭಾಗ, ಭದ್ರಾ, ದಾಂಡೇಲಿಯ ಬಹುಭಾಗ. ಇದನ್ನು ತೊಗಟೆಯಿಂದಲೇ ಗುರುತಿಸಬಹುದು. ಮತ್ತಿ ಮರದ ಕಪ್ಪು ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಅದರ ಪಕ್ಕದಲ್ಲೇ ನಂದಿ ಮರ, ನುಣುಪಾದ ಬಿಳಿಚು ಕಾಂಡ. ಈ ಎರಡೂ ಒಟ್ಟಿಗೆ ಕಂಡರೆ ಅನುಮಾನ ಅರ್ಧ ಕಡಿಮೆ ಆಯಿತು. ಜೊತೆಗೆ ಹೊನ್ನೆ, ಬೀಟೆ, ಜಂಬೆ, ಹುಣಾಲು, ತಾರೆ, ಬಿದಿರು. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಹತ್ತುತ್ತದೆ. ಆದರೆ ತೇಗ ಕಂಡ ಮಾತ್ರಕ್ಕೆ ಅದು ಮೂಲದ ಕಾಡು ಅಂತಲ್ಲ. ಮರಗಳು ಸಾಲಾಗಿವೆಯಾ, ಎಲ್ಲವೂ ಒಂದೇ ದಪ್ಪ ಇವೆಯಾ ನೋಡಿ. ಹಾಗಿದ್ದರೆ ಅದು ನೆಡುತೋಪು.

ಒಣ ಎಲೆ ಉದುರುವ ಕಾಡು: ಬಂಡೀಪುರ, ಕಾವೇರಿ ಕಣಿವೆ, ತುಮಕೂರು ಮತ್ತು ಚಿತ್ರದುರ್ಗದ ಗುಡ್ಡಗಳ ಒಳ್ಳೆಯ ಭಾಗ. ಮರಗಳ ಎತ್ತರ ಇಳಿಯುತ್ತದೆ, ಅವುಗಳ ನಡುವೆ ಅಂತರ ಹೆಚ್ಚುತ್ತದೆ. ದಿಂಡಿಗ ಇಲ್ಲಿಯ ಯಜಮಾನ. ಕಗ್ಗಲಿ, ಹುರುಗಲು, ನೆಲ್ಲಿ, ಕಕ್ಕೆ, ಶ್ರೀಗಂಧ, ಕಿರುಬಿದಿರು ಜೊತೆಗಿರುತ್ತವೆ. ಕಾವೇರಿ ವನ್ಯಧಾಮದ ಕಡೆ ಕಮರ ಸಿಗುತ್ತದೆ, ಅದರ ಎಲೆಯಲ್ಲಿ ಎರಡೇ ದಳ, ಬುಡದಲ್ಲಿ ಕೂಡಿಕೊಂಡಿರುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇಲ್ಲೊಂದು ಮೋಸ ಇದೆ. ಮುತ್ತತ್ತಿ, ಭೀಮೇಶ್ವರಿ ಕಡೆ ಹೊಳೆಯ ದಂಡೆಗೆ ಹೋದರೆ ದೊಡ್ಡ ದೊಡ್ಡ ಹೊಳೆಮತ್ತಿ, ಹೊಂಗೆ, ನೇರಳೆ, ತಂಪು ನೆರಳು. ಇದು ತೇವದ ಕಾಡು ಅಂದುಕೊಂಡುಬಿಡಬಹುದು. ದಂಡೆ ಬಿಟ್ಟು ಸ್ವಲ್ಪ ಮೇಲೆ ಹತ್ತಿದರೆ ಕಲ್ಲು, ಮುಳ್ಳು, ಬಿಸಿಲು. ಹೊಳೆಯಂಚಿನ ಕಾಡನ್ನು ಯಾವಾಗಲೂ ಬೇರೆಯಾಗಿ ಬರೆದುಕೊಳ್ಳಿ.

ಹೆಜ್ಜೆ 5: ಎತ್ತರದಲ್ಲಿ ಹುಲ್ಲು ಕಂಡರೆ ಗಾಬರಿ ಬೇಡ

ಕುದುರೆಮುಖ, ಬಾಬಾ ಬುಡನ್‌ಗಿರಿ, ಬ್ರಹ್ಮಗಿರಿಯಂಥ ಎತ್ತರದ ಬೆಟ್ಟಗಳ ಮೇಲೆ ಮರವೇ ಇಲ್ಲದ ಹುಲ್ಲುಗಾವಲು ಹಬ್ಬಿರುತ್ತದೆ. ಮಡಿಕೆ ಮಡಿಕೆಗಳಲ್ಲಿ, ನೀರು ಹರಿಯುವ ಕಡೆ ಮಾತ್ರ ಗುಂಪಾಗಿ ಕಾಡು. ಅದೇ ಶೋಲಾ. ಮರಗಳು ಕುಳ್ಳು, ಕೊಂಬೆಗಳ ಮೇಲೆ ಪಾಚಿ, ಸೀತಾಳೆ (ಆರ್ಕಿಡ್) ಹೂವಿನ ಗಿಡ. ಕಾಡಿನ ಅಂಚು ಕತ್ತರಿಸಿದ ಹಾಗೆ ಥಟ್ಟನೆ ನಿಂತುಬಿಡುತ್ತದೆ.

ಹುಲ್ಲಿನ ಭಾಗವನ್ನು ಯಾರೋ ಕಡಿದು ಬೋಳು ಮಾಡಿದ್ದಾರೆ ಅಂತ ಮರುಗುವವರು ಇದ್ದಾರೆ. ಹಾಗಲ್ಲ. ಗಾಳಿ, ತೆಳು ಮಣ್ಣು, ಬೇಸಿಗೆಯ ಒಣಹವೆ, ಆಗಾಗ ಬೆಂಕಿ, ಎಲ್ಲ ಸೇರಿ ಈ ಹುಲ್ಲನ್ನು ಹುಲ್ಲಾಗಿಯೇ ಉಳಿಸಿವೆ. ಗುರಿಗೆ ಗಿಡಗಳು ವರ್ಷಗಟ್ಟಲೆ ಸುಮ್ಮನಿದ್ದು ಒಟ್ಟಿಗೆ ಹೂ ಬಿಡುವುದು ಇಂಥ ಇಳಿಜಾರುಗಳಲ್ಲೇ. ಅವುಗಳಲ್ಲೊಂದಾದ ನೀಲಕುರಿಂಜಿ ಹೂ ಬಿಡುವುದು 12 ವರ್ಷಕ್ಕೊಮ್ಮೆ. ಈ ಹುಲ್ಲು, ಶೋಲಾ ಎರಡೂ ಸೇರಿ ಮಳೆನೀರು ಹಿಡಿದಿಡುತ್ತವೆ. ಇಲ್ಲಿ ಸಸಿ ನೆಡುವ ಉತ್ಸಾಹ ಬೇಡ.

ಹೆಜ್ಜೆ 6: ಕುರುಚಲನ್ನು ಎರಡು ಸಲ ನೋಡಿ

ಬಯಲುಸೀಮೆಯ ಕುರುಚಲಿನ ಗಿಡಗಳು ಹೆಚ್ಚಿನವರಿಗೆ ಬಾಲ್ಯದಿಂದಲೇ ಗೊತ್ತು, ಕಾಡಿನ ಗಿಡ ಅಂತ ಲೆಕ್ಕಕ್ಕೆ ಹಿಡಿದಿರುವುದಿಲ್ಲ ಅಷ್ಟೇ. ಕವಳೆ, ಕಾರೆ, ಬೋರೆ, ಪರಿಗೆ ಇವೆಲ್ಲ ಮುಳ್ಳಿನ ಜೊತೆ ಹಣ್ಣನ್ನೂ ಕೊಡುತ್ತವೆ. ತಂಗಡಿಯ ಹಳದಿ ಹೂವು ರಸ್ತೆ ಬದಿಯಲ್ಲೇ ಸಿಗುತ್ತದೆ. ಅದರ ತೊಗಟೆ ಚರ್ಮ ಹದ ಮಾಡಲು ಬಳಕೆಯಾಗುತ್ತಿತ್ತು. ಬಂದರಿಕೆಯ ಎಲೆ ಮುಟ್ಟಿದರೆ ಅಂಟು ಅಂಟು. ಕಲ್ಲುಗುಡ್ಡದ ಮೇಲೆ ಕಳ್ಳಿಗಳು. ಮರ ಅಂತ ನೋಡಿದರೆ ಬಿಳಿಜಾಲಿ, ತುಗ್ಗಲಿ, ಕುಳ್ಳಾದ ದಿಂಡಿಗ, ಈಚಲು. ಎಲೆ ಸಣ್ಣದು, ಮುಳ್ಳು ಜಾಸ್ತಿ, ಬೇರು ಆಳ. ನೀರು ಕಡಿಮೆ ಇರುವಲ್ಲಿ ಬದುಕುವುದಕ್ಕೆ ಇದೇ ದಾರಿ.

ಇದು ಮೂಲದ ಕುರುಚಲೋ, ಕಾಡು ಹಾಳಾಗಿ ಆದ ಕುರುಚಲೋ? ಮೊದಲು ನೆಲ ನೋಡಿ. ಮಣ್ಣು ಒಂದು ಗೇಣೂ ಇಲ್ಲ, ಅಡಿಯಲ್ಲಿ ಬಂಡೆ ಅಂದರೆ ಅಲ್ಲಿ ದೊಡ್ಡ ಮರ ಯಾವತ್ತೂ ಇದ್ದಿರಲಾರದು. ಮಣ್ಣು ಆಳವಾಗಿದೆ, ಮಳೆ 900 ಮಿ.ಮೀ. ಹತ್ತಿರ ಇದೆ, ಆದರೂ ಗಿಡ ಸೊಂಟದೆತ್ತರ ದಾಟಿಲ್ಲ ಅಂದರೆ ಅಲ್ಲೇನೋ ನಡೆದಿದೆ. ಆಮೇಲೆ ಬುಡ ನೋಡಿ. ಒಂದೇ ಬುಡದಿಂದ ನಾಲ್ಕೈದು ಕಾಂಡ ಎದ್ದಿದ್ದರೆ, ಹಳೆ ಮೋಟು ಕಂಡರೆ, ಅದು ಕಡಿದ ಮರದ ಕೂಳೆ ಚಿಗುರು. ಹತ್ತಿರದಲ್ಲಿ ದೇವಸ್ಥಾನದ ತೋಪೋ, ದೇವರ ಹೆಸರಲ್ಲಿ ಬಿಟ್ಟ ತುಂಡು ಕಾಡೋ ಇದ್ದರೆ ಅದನ್ನೂ ನೋಡಿ ಬನ್ನಿ. ಅದೇ ಮಣ್ಣು, ಅದೇ ಮಳೆ, ಕೊಡಲಿ ಮಾತ್ರ ಬಿದ್ದಿಲ್ಲ. ಅಲ್ಲಿ ಎತ್ತರದ ಮರಗಳಿದ್ದರೆ ಸುತ್ತಲಿನ ಕುರುಚಲೂ ಹಿಂದೆ ಹಾಗೇ ಇದ್ದಿರಬೇಕು. ದನ, ಕುರಿ ಕಾಯುವ ಹಿರಿಯರನ್ನು ಕೇಳಿ. "ನೀವು ಚಿಕ್ಕವರಿದ್ದಾಗ ಇಲ್ಲಿ ಯಾವ ಮರ ಇತ್ತು ಅಜ್ಜಾ?" ಅಂದರೆ ಯಾವ ನಕ್ಷೆಯಲ್ಲೂ ಇಲ್ಲದ ಉತ್ತರ ಬರುತ್ತದೆ.

ಕೊನೆಗೆ ಅಲ್ಲಿ ಯಾರು ಬದುಕಿದ್ದಾರೆ ನೋಡಿ. ದರೋಜಿಯ ಕಲ್ಲುಗುಡ್ಡದ ಕುರುಚಲು ಕರಡಿಯ ಮನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ರಾಣೆಬೆನ್ನೂರು ಕಡೆಯ ಬಯಲು ಕೃಷ್ಣಮೃಗದ್ದು. ಶಿರಾದ ಬುಕ್ಕಾಪಟ್ಟಣದಲ್ಲಿ ಜಿಂಕೆಯಂಥ ಸಣ್ಣ ಪ್ರಾಣಿ ಚಿಂಕಾರಕ್ಕೆಂದೇ 2019ರಲ್ಲಿ ವನ್ಯಧಾಮ ಘೋಷಣೆಯಾಯಿತು. ಸಿರುಗುಪ್ಪದ ಎರೆನೆಲದ ಬಯಲಿನಲ್ಲಿ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇತ್ತು. ಇವ್ಯಾವುದಕ್ಕೂ ದಟ್ಟ ಕಾಡು ಬೇಕಿಲ್ಲ. ಬಯಲಿನ ತುಂಬ ಮರ ನೆಟ್ಟರೆ ಓಡಿ ತಪ್ಪಿಸಿಕೊಳ್ಳುವ ಕೃಷ್ಣಮೃಗಕ್ಕೆ ಜಾಗವೇ ಇಲ್ಲದಾಗುತ್ತದೆ.

ಕರಾವಳಿಯ ಕುರುಚಲು ಬೇರೆಯೇ. ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ಪದವುಗಳಲ್ಲಿ (ಎತ್ತರದ ಸಮತಟ್ಟು ಬಯಲುಗಳಲ್ಲಿ) ಕುಂಟಾಲ, ಕೇಪಳ, ನೆಕ್ಕರಿಕ ಸಿಗುತ್ತವೆ. ಮಳೆ ಧಾರಾಳ, ಆದರೆ ಗಟ್ಟಿ ಮುರಕಲ್ಲಿನ ಮೇಲೆ ಮಣ್ಣು ನಿಲ್ಲದು. ಬೇಸಿಗೆಯಲ್ಲಿ ಬರಡು ಅನ್ನಿಸುವ ಪದವು ಮಳೆಗಾಲದಲ್ಲಿ ಸಣ್ಣ ಸಣ್ಣ ಹೂಗಳಿಂದ ತುಂಬುತ್ತದೆ. ಇನ್ನೂ ಪಶ್ಚಿಮಕ್ಕೆ, ಹೊಳೆ ಸಮುದ್ರ ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಕಾಂಡ್ಲಾ ಗುರುತಿಸಲು ಇಳಿತದ ಹೊತ್ತಿಗೆ ಹೋಗಿ, ಬೇರುಗಳು ಆಗ ಪೂರ್ತಿ ಕಾಣುತ್ತವೆ.

ಹೆಜ್ಜೆ 7: ಹೊರಗಿನಿಂದ ಬಂದವರನ್ನು ಬೇರೆ ಮಾಡಿ

ಬಳ್ಳಾರಿ ಜಾಲಿ ಹೆಸರಿಗೆ ಮಾತ್ರ ಬಳ್ಳಾರಿಯದು, ಅಮೆರಿಕ ಖಂಡದಿಂದ ಬಂದದ್ದು. ಲಂಟಾನ, ಪಾಪಾಸುಕಳ್ಳಿ, ಕಮ್ಯುನಿಸ್ಟ್ ಗಿಡ, ಪಾರ್ಥೇನಿಯಂ ಕೂಡ ಅಲ್ಲಿಂದಲೇ. ನೀಲಗಿರಿ, ಅಕೇಶಿಯಾ, ಗಾಳಿಮರ ತಂದು ನೆಟ್ಟವು. ಒಂದು ಜಾಗದ ಹಸಿರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ ಇದ್ದರೆ ಕಾಡಿನ ಬಗೆ ಹೇಳುವ ಮೊದಲು ಅದನ್ನು ಬರೆದುಕೊಳ್ಳಿ. ಬಂಡೀಪುರದಲ್ಲಿ ನೆಲದ ಮಟ್ಟದಲ್ಲಿ ಹುಲ್ಲು ಕಾಣಲಿಲ್ಲ ಅಂದರೆ ಅದು ನಿತ್ಯಹಸಿರು ಕಾಡು ಅಂತಲ್ಲ. ಲಂಟಾನ ತುಂಬಿಕೊಂಡಿರುತ್ತದೆ, ಅಷ್ಟೇ. ಹೆಜ್ಜೆ 3ರ ಹುಲ್ಲಿನ ಪರೀಕ್ಷೆ ಕೈಕೊಡುವುದು ಇಂಥಲ್ಲೇ.

ಮಲೆನಾಡಿನಲ್ಲಿ ಇನ್ನೊಂದು ಸುಳಿವು ಚಂದಕಲ. ಇದು ನಮ್ಮದೇ ಮರ, ಅಗಲ ಎಲೆ, ಬಲು ಬೇಗ ಬೆಳೆಯುತ್ತದೆ. ಕಾಡಿನಲ್ಲಿ ಎಲ್ಲಿ ಬೆಳಕು ಬಿತ್ತೋ ಅಲ್ಲಿ ಮೊದಲು ಬರುವುದು ಇದು. ಚಂದಕಲ ಹೇರಳವಾಗಿದ್ದರೆ ಆ ಕಾಡು ಇತ್ತೀಚೆಗೆ ಕಡಿತ ಕಂಡಿದೆ, ಈಗ ಚೇತರಿಸಿಕೊಳ್ಳುತ್ತಿದೆ ಅಂತ ತಿಳಿಯಬಹುದು.

ಹೆಜ್ಜೆ 8: ಬರೆದಿಡಿ, ಮತ್ತೆ ಹೋಗಿ

ಒಂದು ಜಾಗಕ್ಕೆ ಅರ್ಧ ಪುಟ ಸಾಕು. ತಾರೀಕು, ಎತ್ತರ, ವಾಡಿಕೆ ಮಳೆ, ಮಣ್ಣಿನ ಆಳ. ಮೇಲೆ ಆಕಾಶ ಎಷ್ಟು, ಕೆಳಗೆ ಹುಲ್ಲು ಎಷ್ಟು. ಹೆಚ್ಚು ಕಂಡ ಐದು ಮರ, ಐದು ಪೊದೆ, ಊರಿನವರು ಹೇಳಿದ ಹೆಸರಿನಲ್ಲೇ ಬರೆಯಿರಿ. ಜೊತೆಗೆ ತೊಗಟೆಯ ಫೋಟೊ ಒಂದು, ಎಲೆಯ ಎರಡೂ ಬದಿಯ ಫೋಟೊ. ಬರೀ ಹೂವಿನ ಫೋಟೊ ತೆಗೆದರೆ ಮುಂದಿನ ಸಲ ಹೂವಿಲ್ಲದ ಕಾಲದಲ್ಲಿ ಕೈ ಖಾಲಿ. ಕಡಿದ, ಸುಟ್ಟ, ಮೇಯ್ದ ಗುರುತು ಇದ್ದರೆ ಅದೂ ಬೇಕು.

ಒಂದೇ ಕಡೆ ಹಲವು ಬಗೆಗಳನ್ನು ನೋಡಿ ಅಭ್ಯಾಸ ಮಾಡಬೇಕು ಅಂದರೆ ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುತ್ತೇನೆ. ಯಳಂದೂರು ಕಡೆಯಿಂದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಕೊಳ್ಳಿ. ಬುಡದಲ್ಲಿ ಕುರುಚಲು, ಮೇಲೆ ಹೋದಂತೆ ದಿಂಡಿಗದ ಒಣಕಾಡು, ಆಮೇಲೆ ತೇವದ ಕಾಡು. ಇನ್ನೂ ಎತ್ತರದ ಏಣುಗಳಲ್ಲಿ ಶೋಲಾ, ಹುಲ್ಲುಗಾವಲು ಇವೆ, ಆದರೆ ಅವು ಹುಲಿ ಮೀಸಲಿನ ಒಳಗೆ, ಅನುಮತಿ ಬೇಕು. ಅಲ್ಲಿನ ಸೋಲಿಗ ಬುಡಕಟ್ಟಿನವರು ಈ ಬಗೆಗಳನ್ನು ತಮ್ಮದೇ ಹೆಸರಿನಲ್ಲಿ ಗುರುತಿಸುತ್ತಾರೆ. ಸಿಕ್ಕರೆ ಸೋಲಿಗರೊಬ್ಬರ ಜೊತೆ ಮಾತಾಡಿ, ನಿಮ್ಮ ಅರ್ಧ ಪುಟವನ್ನು ಅವರಿಗೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಸಿಕೊಳ್ಳಿ. ಮಾರ್ಚ್‌ನಲ್ಲಿ ಒಮ್ಮೆ ಹೋಗಿ ಬಂದರೆ ಅಕ್ಟೋಬರಿನಲ್ಲಿ ಅದೇ ಬಸ್ಸು, ಅದೇ ಕಿಟಕಿ ಹಿಡಿದು ಇನ್ನೊಮ್ಮೆ ಹೋಗಿ.